ಬಾಗಿಲಿಗೆ ಬೀಗ

ನಂಜನಗೂಡು
18 ಜೂನ್ 1996

ಮಗಳು ಇಂದ್ರಾಣಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಶನಿವಾರ ಬಂತು. ನಿಮ್ಮವ್ವನಿಗೆ ಎರಡು ಸಲ ಓದಿ ಹೇಳಿದೆ. ಮೊದಲನೇ ಸಲ ಅತ್ತಳು, ಎರಡನೇ ಸಲ ನನ್ನನ್ನು ಬೈದಳು. ನರಸೀಪುರದಲ್ಲಿ ಬಾಲವಾಡಿ ಟೀಚರ್ ಕೆಲಸ ಸಿಕ್ಕಿತು, ಬಸ್ ಸ್ಟ್ಯಾಂಡಿನ ಹಿಂದೆ ಒಂದು ರೂಮು ಹಿಡಿದೆ ಎಂದು ಬರೆದಿದ್ದೀಯ, ಸಂತೋಷ. ಇಲ್ಲಿಗೇ ಬಾ ಎಂದರೆ ಒಪ್ಪುವವಳಲ್ಲ ನೀನು. "ಅವರಿರುವ ಮೂಗೂರಿಗೆ ಇಲ್ಲಿಂದ ಅರ್ಧ ಗಂಟೆ, ನಂಜನಗೂಡಿನಿಂದ ಅರ್ಧ ದಿನ, ಮಗುವನ್ನು ಬಿಟ್ಟು ಅಷ್ಟು ದೂರ ಬರಲಾರೆ" ಎಂದಿದ್ದೀಯ. ತುಟಿಯ ಗಾಯ ಮಾಗಿತೇ? ನಟರಾಜ ನಿನ್ನ ಮೇಲೆ ಕೈ ಮಾಡಿದ್ದು, ನಿನ್ನನ್ನು ಹೊರಗೆ ದಬ್ಬಿ, ಆರು ತುಂಬದ ಪವಿತ್ರಳನ್ನು ಒಳಗೆ ಎಳೆದುಕೊಂಡು ಅಗುಳಿ ಹಾಕಿದ್ದು, ಇದನ್ನೆಲ್ಲ ನೆನೆದರೆ ನನಗೂ ಮೈ ಉರಿಯುತ್ತದೆ. ಅಳಿಯ ಅಂತ ಹಲ್ಲು ಕಚ್ಚಿಕೊಂಡಿದ್ದೇನೆ.

ಆದರೆ ಮಗುವನ್ನು ನನಗೆ ಕೊಡಿಸಿ ಎಂದು ಒಂದೇ ತಿಂಗಳಿಗೆ ಕೇಸು ಹಾಕಿಬಿಟ್ಟೆಯಲ್ಲ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ವಕೀಲ ಸಿದ್ದರಾಜು ಬುದ್ಧಿವಂತನೇ ಇರಬಹುದು. ನಾನು ಕೋರ್ಟಿನ ಅಮೀನ. ನೋಟೀಸಿನ ಚೀಲ ಹೆಗಲಿಗೆ ಹಾಕಿಕೊಂಡು ಮೂರು ತಾಲ್ಲೂಕಿನ ಹಳ್ಳಿಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಸೈಕಲ್ ತುಳಿದವನು. ಗಂಡ ಹೆಂಡಿರ ನೋಟೀಸನ್ನು ನಾನು ಯಾವತ್ತೂ ಮೊದಲನೇ ಸಲಕ್ಕೇ ಕೊಟ್ಟಿಲ್ಲ. ಗಂಡ ಅನ್ನಿಸಿಕೊಂಡವನು ಬಾಗಿಲಲ್ಲಿ ನಿಂತಿರುತ್ತಾನೆ, ಕಣ್ಣು ಕೆಂಪಗಿರುತ್ತದೆ. ಆ ಹೊತ್ತಿನಲ್ಲಿ ಕೋರ್ಟಿನ ಕಾಗದ ಕೈಗೆ ಹಾಕಿದರೆ ಆ ಮನೆ ಕೆಟ್ಟಹಾಗೆ. ಅವರ ಜಗಲಿಯ ಮೇಲೇ ಕೂತು ಮಜ್ಜಿಗೆ ಕುಡಿದು, ನಾಲ್ಕು ಬುದ್ಧಿಮಾತು ಹೇಳಿ, ನೋಟೀಸಿನ ಬೆನ್ನಿಗೆ "ಮನೆಗೆ ಬೀಗ ಹಾಕಿದೆ, ಪಾರ್ಟಿ ಊರಲ್ಲಿಲ್ಲ" ಎಂದು ಷರಾ ಬರೆದು ವಾಪಸು ತರುತ್ತಿದ್ದೆ. ಕೋರ್ಟು ಮುಂದಿನ ವಾಯಿದೆ ಕೊಡುತ್ತದೆ. ಎರಡು ತಿಂಗಳು, ನಾಲ್ಕು ತಿಂಗಳು ಹೋಗುತ್ತದೆ. ಸಿಟ್ಟು ಇಳಿಯುತ್ತದೆ. ಹೀಗೆ ಹನ್ನೊಂದು ಸಂಸಾರ ಕೂಡಿಸಿದ್ದೇನೆ, ಲೆಕ್ಕ ಇದೆ. ಹುಲ್ಲಹಳ್ಳಿಯ ಒಬ್ಬಳು ಸಂತೆಯಲ್ಲಿ ಸಿಕ್ಕರೆ ಈಗಲೂ ಒಂದು ಕಟ್ಟು ಸೊಪ್ಪು ಕೈಗೆ ತುರುಕಿ ಕಳಿಸುತ್ತಾಳೆ.

ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಕೋಪ ಬಂದರೆ ಊಟದ ತಟ್ಟೆ ನೂಕುತ್ತಿದ್ದೆ, ಅರ್ಧ ಗಂಟೆ ಬಿಟ್ಟು ನೀನೇ ಬಂದು ಉಣ್ಣುತ್ತಿದ್ದೆ. ಆತುರ ಬೇಡ. ಮುಂದಿನ ವರ್ಷ ನನಗೆ ರಿಟೈರ್‌ಮೆಂಟು, ಅಷ್ಟರೊಳಗೆ ನೀವು ಮೂವರೂ ಒಟ್ಟಿಗೆ ಬಂದು ಒಂದು ವಾರ ಇದ್ದು ಹೋಗುವಿರಂತೆ.

ನಿನ್ನ ಅಪ್ಪ,
ದೊಡ್ಡಸಿದ್ದಯ್ಯ


ತಿ. ನರಸೀಪುರ
22 ಆಗಸ್ಟ್ 1996

ಅಪ್ಪನವರಿಗೆ ಇಂದ್ರಾಣಿಯ ನಮಸ್ಕಾರ.

ನೋಟೀಸು ವಾಪಸು ಬಂದಿದೆ. ಹಿಂದುಗಡೆ "ಮನೆಗೆ ಬೀಗ ಹಾಕಿದೆ, ಪಾರ್ಟಿ ಊರಲ್ಲಿಲ್ಲ" ಎಂದು ಬರೆದಿದೆಯಂತೆ. ಆಗಸ್ಟ್ ಆರು, ಮಂಗಳವಾರ. ಅಪ್ಪ, ಆ ಮಂಗಳವಾರ ನಾನು ಮೂಗೂರಿನಲ್ಲೇ ಇದ್ದೆ. ವಾರಕ್ಕೊಂದು ದಿನ ಮಧ್ಯಾಹ್ನ ಸ್ಕೂಲಿನ ಬೇಲಿ ಹತ್ತಿರ ನಿಂತು ಮಗುವನ್ನು ನೋಡಿ ಬರುತ್ತೇನೆ. ಮನೆಯ ಬಾಗಿಲು ತೆರೆದಿತ್ತು, ಅವರ ಲುಂಗಿ ತಂತಿಯ ಮೇಲೆ ಒಣಗುತ್ತಿತ್ತು, ಅವರು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಹೋದ ಅಮೀನರು ಪುಟ್ಟಬಸವಯ್ಯನವರು ಎಂದು ಸಿದ್ದರಾಜು ಸರ್ ಹೇಳಿದರು. ಅವರು ನಿಮ್ಮ ಕೈಕೆಳಗೆ ಕೆಲಸ ಕಲಿತವರಲ್ಲವೇ? ನಮ್ಮ ಮನೆಯಲ್ಲಿ ಎಷ್ಟು ಸಲ ಉಂಡಿದ್ದಾರೆ. ನೀವೇ ಅವರಿಗೆ ಒಂದು ಮಾತು ಹೇಳಿ.

ಪವಿತ್ರ ಬೇಲಿಯ ಸಂದಿಯಲ್ಲಿ ಕೈ ತೂರಿಸಿ ನನ್ನ ಬಳೆ ಹಿಡಿದುಕೊಂಡಳು.

"ಯಾವಾಗ ಕರ್ಕೊಂಡೋಯ್ತೀಯವ್ವ?"

"ಕೋರ್ಟಿನವ್ರು ಯೋಳ್ಬೇಕು ಕಣವ್ವ. ಸೋಮವಾರ ಬತ್ತೀನಿ."

"ಯಾವ ಸೋಮವಾರ?"

ಮುಂದಿನ ವಾಯಿದೆ ಸೋಮವಾರ ಇತ್ತು, ಅದಕ್ಕೇ ಹಾಗೆ ಹೇಳಿಬಿಟ್ಟೆ. ಆ ಸೋಮವಾರ ಕೋರ್ಟಿನಲ್ಲಿ ನಮ್ಮ ನಂಬರ್ ಕರೆದು, ಎರಡು ನಿಮಿಷದಲ್ಲಿ ನವೆಂಬರಿಗೆ ಹಾಕಿದರು. ಮಗು ಅವತ್ತು ಬ್ಯಾಗಿನಲ್ಲಿ ಎರಡು ಫ್ರಾಕು ಮಡಚಿಟ್ಟುಕೊಂಡು ಸ್ಕೂಲಿಗೆ ಬಂದಿತ್ತಂತೆ. ಅವರ ಟೀಚರ್ ಹೇಳಿದರು.

ಅವ್ವನ ಮಂಡಿನೋವು ಹೇಗಿದೆ?

ಇಂದ್ರಾಣಿ


ನಂಜನಗೂಡು
9 ಸೆಪ್ಟೆಂಬರ್ 1996

ಇಂದ್ರಾಣಿ,

ಕಾಗದ ಓದಿದೆ. ಫ್ರಾಕಿನ ವಿಷಯ ನಿಮ್ಮವ್ವನಿಗೆ ಓದಲಿಲ್ಲ.

ಪುಟ್ಟಬಸವಯ್ಯನನ್ನು ಕಂಡೆ. ಅವನಿಗೂ ಒಬ್ಬನಿಗೇ ನಲವತ್ತು ಹಳ್ಳಿ. ಹೋದ ಹೊತ್ತಿಗೆ ಬಾಗಿಲು ಹಾಕಿತ್ತೇನೋ, ನೀನು ನೋಡಿದ ಹೊತ್ತಿಗೆ ತೆರೆದಿತ್ತೇನೋ. ಮಾತಾಡಿದ್ದೇನೆ, ನೋಡಿಕೊಳ್ಳುತ್ತಾನೆ. ನೀನು ಮೂಗೂರಿಗೆ ಪದೇ ಪದೇ ಹೋಗಿ ಬೇಲಿ ಹತ್ತಿರ ನಿಲ್ಲಬೇಡ. ನಟರಾಜ ನೋಡಿದರೆ ಆರಿದ ಬೆಂಕಿಯನ್ನು ಕೆದಕಿದ ಹಾಗಾಗುತ್ತದೆ. ನಾನು ಈ ಕೆಲಸದಲ್ಲಿ ಮುದುಕನಾದವನು, ನನ್ನ ಮಾತು ಕೇಳು.

ಅವ್ವನ ಮಂಡಿನೋವು ಹಾಗೇ ಇದೆ. ಎಣ್ಣೆ ಹಚ್ಚು ಎಂದರೆ ನನಗೇ ಹಚ್ಚಲು ಬರುತ್ತಾಳೆ.

ಅಪ್ಪ


ತಿ. ನರಸೀಪುರ
14 ಮಾರ್ಚ್ 1997

ಅಪ್ಪನವರಿಗೆ,

ಮೂರನೇ ಸಲವೂ ವಾಪಸು. ಅದೇ ಬೀಗ, ಅದೇ "ಊರಲ್ಲಿಲ್ಲ". ಇನ್ನು ಪೇಪರಿನಲ್ಲಿ ಪ್ರಕಟಣೆ ಕೊಡಿಸಬೇಕಂತೆ, ಅದಕ್ಕೆ ಅರ್ಜಿ, ಅರ್ಜಿಗೆ ಒಂದು ವಾಯಿದೆ. ಕೇಸು ಹಾಕಿ ಹತ್ತು ತಿಂಗಳಾಯಿತು. ಕೇಸು ಇದೆ ಎಂದು ನಟರಾಜನಿಗೆ ತಿಳಿಸುವುದೇ ಇನ್ನೂ ಆಗಿಲ್ಲ. ಇಡೀ ಮೂಗೂರಿಗೆ ಗೊತ್ತು, ಅವರಿಗೂ ಗೊತ್ತು, ಕೋರ್ಟಿಗೆ ಮಾತ್ರ ಗೊತ್ತಿಲ್ಲ.

ಅವರ ಅಕ್ಕ ಗಂಡನ ಮನೆ ಬಿಟ್ಟು ಮಗ ಗುರುವನ್ನು ಕರೆದುಕೊಂಡು ಆ ಮನೆಗೇ ಬಂದು ಸೇರಿಕೊಂಡಿದ್ದಾಳೆ. ಗುರುವಿಗೆ ಇಪ್ಪತ್ತೊಂದು. ತಾಂಡ್ಯದ ಫ್ಯಾಕ್ಟರಿಯಲ್ಲಿ ಮೂರು ತಿಂಗಳಿದ್ದು ಬಿಟ್ಟುಬಂದವನು, ಅರಳಿಕಟ್ಟೆಯ ಮೇಲೆ ಇಸ್ಪೀಟು ಆಡುತ್ತಾನೆ. ಪವಿತ್ರ ವಾರಕ್ಕೆ ಎರಡು ದಿನ ಸ್ಕೂಲಿಗೆ ಬಂದರೆ ಹೆಚ್ಚು. ಹೋದ ವಾರ ನಾನೇ ಮನೆ ಮುಂದೆ ಹಾದು ಹೋದೆ, ಬೈಯಬೇಡಿ. ಅವಳು ತನಗಿಂತ ದೊಡ್ಡ ಸಿಲ್ವರ್ ಪಾತ್ರೆಯ ಒಳಗೆ ತಲೆ ಹಾಕಿಕೊಂಡು ತಿಕ್ಕುತ್ತಿದ್ದಳು. ಅವಳ ಸೋದರತ್ತೆ ನನ್ನನ್ನು ನೋಡಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಈಗ್ಲಿಂದ್ಲೇ ಕಲೀಲಿ ಬುಡಿ. ನಾಳೀಕೆ ನಮ್ ಗುರೂಗೇ ತಾನೆ ಆಗೋದು."

ಜನ ನಕ್ಕರು. ತಮಾಷೆಗೆ ಅಂದದ್ದೇ ಇರಬಹುದು. ಆರು ವರ್ಷದ ಮಗು ಅಪ್ಪ ಅದು.

ಇಂದ್ರಾಣಿ


ನಂಜನಗೂಡು
20 ಡಿಸೆಂಬರ್ 1997

ಇಂದ್ರಾಣಿ,

ರಿಟೈರಾದೆ. ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಎಲ್ಲರೂ ಬಂದಿದ್ದರು, ನೀನು ಬರಲಿಲ್ಲ. ಅವತ್ತೂ ವಾಯಿದೆ ಇತ್ತು ಎಂದು ಗೊತ್ತು.

ಪೇಪರಿನಲ್ಲಿ ಪ್ರಕಟಣೆ ಬಂದ ಮೇಲೆ ನಟರಾಜ ಕೊನೆಗೂ ವಕೀಲರನ್ನಿಟ್ಟನಲ್ಲ. ಹೋದ ಭಾನುವಾರ ನಾನೇ ಮೂಗೂರಿಗೆ ಹೋಗಿದ್ದೆ, ನಿನಗೆ ಹೇಳಿರಲಿಲ್ಲ. ಮಾತಾಡಿ ಸರಿಮಾಡುವ ಎಂದು. ಅಳಿಯ ಬಹಳ ಮರ್ಯಾದೆ ಮಾಡಿದ. ಚಾಪೆ ಹಾಸಿದ, ಕಾಫಿ ತರಿಸಿದ. ಇಂದ್ರಾಣಿಯನ್ನು ಮನೆಗೆ ಕರೆದುಕೊ, ಇಲ್ಲವೇ ಮಗುವನ್ನು ಕಳಿಸು, ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವುದು ಯಾತಕ್ಕೆ ಎಂದೆ. ಅವನು ನಕ್ಕು ಹೇಳಿದ:

"ಕೋರ್ಟು ಅದ್ರ ಪಾಡ್ಗೆ ಅದು ನಡೀಲಿ ಬುಡಿ ಮಾವ. ನಂಗೇನೂ ಅರ್ಜೆಂಟಿಲ್ಲ."

ಎಷ್ಟೋ ಜಗಲಿಗಳ ಮೇಲೆ ಕೂತು ನಾನು ಹೇಳುತ್ತಿದ್ದದ್ದು ಇದೇ ಮಾತು. ಅವನ ಬಾಯಲ್ಲಿ ಕೇಳಿದಾಗ ಕಾಫಿ ಅರ್ಧಕ್ಕೇ ಕೆಳಗಿಟ್ಟೆ. ಕಾಫಿ ತಂದದ್ದು ಪವಿತ್ರ. ತಲೆ ಬೋಳಿಸಿದ್ದಾರೆ, ಹೇನಾಗಿತ್ತಂತೆ. ನಾನು "ತಾತ ಕಣವ್ವ" ಎಂದೆ. ಅವಳು ಅತ್ತೆಯ ಮುಖ ನೋಡಿದಳು. ಆಮೇಲೆ ಲೋಟ ತೆಗೆದುಕೊಂಡು ಒಳಗೆ ಹೋದಳು.

ಬರುವಾಗ ಬಸ್ಸಿನಲ್ಲಿ ನನಗೆ ಯಾಕೋ ಭಯವಾಯಿತು ಮಗಳೇ.

ಅಪ್ಪ


ತಿ. ನರಸೀಪುರ
11 ಜುಲೈ 1999

ಅಪ್ಪನವರಿಗೆ,

ಬಹಳ ದಿನ ಬರೆಯಲಿಲ್ಲ, ತಪ್ಪು ತಿಳಿಯಬೇಡಿ. ಬರೆಯುವುದಕ್ಕೆ ಏನಾದರೂ ಆಗಬೇಕಲ್ಲ. ಅವರ ವಕೀಲರಿಗೆ ತಕರಾರು ಬರೆಯಲು ಐದು ವಾಯಿದೆ ಬೇಕಾಯಿತು. ಒಂದು ಸಲ ಅವರಿಗೆ ಜ್ವರ, ಇನ್ನೊಂದು ಸಲ ಅವರ ಮನೆಯಲ್ಲಿ ನಾಮಕರಣ. ಆಮೇಲೆ ಜಡ್ಜಿಗೆ ವರ್ಗವಾಯಿತು. ಒಂಬತ್ತು ತಿಂಗಳು ಆ ಕುರ್ಚಿಗೆ ಯಾರೂ ಬರಲಿಲ್ಲ. ಆದರೂ ನಾವು ಹೋಗಬೇಕು, ಗುಮಾಸ್ತರು ಹೆಸರು ಕರೆದು ಮುಂದಿನ ತಾರೀಖು ಹೇಳುತ್ತಾರೆ, ಬರಬೇಕು. ಬಾಲವಾಡಿಯಲ್ಲಿ ನನ್ನ ರಜೆಗಳೆಲ್ಲ ಅಲ್ಲೇ ಮುಗಿದವು.

ಹೊಸ ಜಡ್ಜಿ ಬಂದ ಮೇಲೆ ತಿಂಗಳಿಗೆ ಒಂದು ಶನಿವಾರ ಕೋರ್ಟಿನಲ್ಲೇ ಒಂದು ಗಂಟೆ ಮಗುವನ್ನು ನೋಡಲು ಅಪ್ಪಣೆ ಸಿಕ್ಕಿದೆ. ನಿನ್ನೆ ಮೊದಲನೇ ಸಲ. ಹಳೇ ಫೈಲುಗಳ ರೂಮಿನಲ್ಲಿ ಎರಡು ಬೆಂಚು. ಅವಳ ಪಕ್ಕದಲ್ಲಿ ಅತ್ತೆ, ಬಾಗಿಲಲ್ಲಿ ಗುರು. ಒಬ್ಬಟ್ಟು ಒಯ್ದಿದ್ದೆ. ತಿನ್ನಲೋ ಬೇಡವೋ ಎಂದು ಅತ್ತೆಯನ್ನು ನೋಡಿದಳು. ಒಂಬತ್ತು ವರ್ಷಕ್ಕೆ ಬಂದಿದ್ದಾಳೆ, ಏಳರ ಹಾಗೆ ಕಾಣುತ್ತಾಳೆ. ಎಡಗೈ ಮಣಿಕಟ್ಟಿನ ಮೇಲೆ ಸುಟ್ಟ ಗಾಯ, ಕಾಸಿನಗಲ.

"ಏನವ್ವ ಇದು?"

ಅತ್ತೆ ಉತ್ತರ ಕೊಟ್ಟಳು: "ಒಲೆ ತಾವ ಜ್ವಾಪಾನ ಇಲ್ಲ ಇವ್ಳಿಗೆ."

ಒಂದು ಗಂಟೆಯಲ್ಲಿ ಪವಿತ್ರ ಆಡಿದ್ದು ಒಂದೇ ಮಾತು. ಹೊರಡುವಾಗ "ಬತ್ತೀನಿ ಟೀಚರ್" ಎಂದಳು. ಮನೆಯಲ್ಲಿ ಹಾಗೇ ಹೇಳಿಕೊಟ್ಟಿದ್ದಾರೆ. ಗಾಯದ ವಿಷಯ ಜಡ್ಜಿಗೆ ಅರ್ಜಿ ಕೊಡಿ ಎಂದು ಸಿದ್ದರಾಜು ಸರ್‌ಗೆ ಹೇಳಿದೆ. ಆಗಲೇ ಕೊಟ್ಟರು. ಅದಕ್ಕೂ ತಕರಾರು ಹಾಕಲು ಆಗಸ್ಟಿಗೆ ವಾಯಿದೆ.

ಇಂದ್ರಾಣಿ


ತಿ. ನರಸೀಪುರ
16 ಫೆಬ್ರವರಿ 2001

ನಿನ್ನೆ ನಮ್ಮ ಕೇಸಿನ ಫೈಲು ನೋಡಿದೆ. ಸಿದ್ದರಾಜು ಸರ್ ಅರ್ಜಿ ಹಾಕಿ ತೆಗೆಸಿದರು. ಆ ಮೂರು ನೋಟೀಸುಗಳೂ ಅದರಲ್ಲಿವೆ. ಮೂರಕ್ಕೂ ನಿಮ್ಮದೇ ಒಕ್ಕಣೆ, ಅಕ್ಷರ ಮಾತ್ರ ಪುಟ್ಟಬಸವಯ್ಯನವರದು. ಅವರು ಅಲ್ಲೇ ವರಾಂಡದಲ್ಲಿ ಕೂತಿದ್ದರು. ಹೋಗಿ ಕೇಳಿದೆ. ನಾನೇನೂ ಕೂಗಾಡಲಿಲ್ಲ. ಆ ಮನುಷ್ಯನ ಕಣ್ಣಲ್ಲಿ ನೀರು ಬಂತು.

"ನಾನ್ ಓಗಿದ್ದೆ ಕಣವ್ವ, ನಟರಾಜು ಮನೇಲೇ ಇದ್ದ. ನಿಮ್ಮಪ್ಪಾರೇ ಏಳಿದ್ದು, ಮಗಳ ಸಂಸಾರ, ವಸಿ ತಡಿ, ಬೀಗ ಅಂತ ಬರ್ಕೊಂಡ್ ಬಾ ಅಂತ. ನಮ್ ಗುರುಗಳ ಮಾತು, ಎಂಗವ್ವ ಮೀರ್ಲಿ?"

ನಿಜವೇ? ಒಂದು ಸಾಲಿನಲ್ಲಿ ಬರೆಯಿರಿ.

ಇಂದ್ರಾಣಿ


ನಂಜನಗೂಡು
21 ಫೆಬ್ರವರಿ 2001

ಇಂದ್ರಾಣಿ,

ನಿಜ.

ಒಂದು ಸಾಲು ಸಾಕು ಎಂದೆ ನೀನು. ಆದರೂ ಬರೆಯುತ್ತೇನೆ, ಓದದೆ ಹರಿದರೂ ಸರಿ. ಮೊದಲನೇ ನೋಟೀಸು ಹೋದಾಗ ನಿಮ್ಮನ್ನು ಕೂಡಿಸುತ್ತೇನೆ ಎಂದೇ ನಂಬಿದ್ದೆ. ಫ್ರಾಕಿನ ವಿಷಯ ನೀನು ಬರೆದ ಮೇಲೂ ಇನ್ನೊಂದು ಸಲ ನೋಡುವ ಅಂದುಕೊಂಡೆ. ಮೂರನೇ ಸಲಕ್ಕೆ ನನಗೇ ನಂಬಿಕೆ ಇರಲಿಲ್ಲ, ಆದರೂ ನಿಲ್ಲಿಸು ಎಂದು ಹೇಳಲಿಲ್ಲ. ಹೇಳಿದರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಏನು ಎಂದು ಯೋಚಿಸಬೇಕಾಗುತ್ತಿತ್ತು. ಕೂಡಿದ ಸಂಸಾರ ಹನ್ನೊಂದು ಎಂದು ಎಣಿಸಿಕೊಂಡು ಬಂದೆ. ಕೂಡದೆ ಹೋದವು ಎಷ್ಟು, ಆ ಮನೆಗಳಲ್ಲಿ ಆ ನಾಲ್ಕು ತಿಂಗಳು, ಆರು ತಿಂಗಳು ಏನು ನಡೆಯಿತು ಎಂದು ತಿರುಗಿ ಹೋಗಿ ನೋಡಿದವನಲ್ಲ. ನೋಟೀಸು ವಾಪಸು ಕೊಟ್ಟ ಮೇಲೆ ನನ್ನ ಕೆಲಸ ಮುಗಿಯುತ್ತಿತ್ತು.

ಈಗ ಒಂದೊಂದೇ ಬಾಗಿಲು ನೆನಪಿಗೆ ಬರುತ್ತಿದೆ. ಕಳಲೆಯ ಕಡೆ ಒಂದು ಮನೆಯಲ್ಲಿ ನಾನು ಮಜ್ಜಿಗೆ ಕುಡಿಯುವಾಗ ಒಳಗಿನಿಂದ ಯಾರೋ ಹೆಂಗಸು ಎರಡು ಸಲ ಕೆಮ್ಮಿದಳು. ನನ್ನನ್ನು ಕರೆಯುವುದಕ್ಕೇ ಕೆಮ್ಮಿದಳು ಎಂದು ಅವತ್ತೇ ಗೊತ್ತಾಗಿತ್ತು. ಬೀಗ ಎಂದು ಬರೆದು ಬಂದೆ.

ಕ್ಷಮಿಸು ಎಂದು ಕೇಳಲು ಬಾಯಿಲ್ಲ. ನಿಮ್ಮವ್ವನಿಗೆ ಎಲ್ಲ ಹೇಳಿದೆ. ಅವಳು ಎರಡು ದಿನದಿಂದ ನನಗೆ ಅನ್ನ ಇಡುತ್ತಾಳೆ, ಮಾತಾಡುವುದಿಲ್ಲ.

ಅಪ್ಪ


ನಂಜನಗೂಡು
3 ನವೆಂಬರ್ 2001

ಇಂದ್ರಾಣಿ,

ನೀನು ಬರೆಯುವುದಿಲ್ಲ, ಸರಿ. ನಾನು ಪ್ರತಿ ವಾಯಿದೆಗೂ ಬಂದು ಹಿಂದಿನ ಬೆಂಚಿನಲ್ಲಿ ಕೂರುವುದನ್ನು ನೀನು ನೋಡಿದ್ದೀಯ. ಮೊನ್ನೆ ಹೋಗುವಾಗ ನನ್ನ ಪಕ್ಕದಲ್ಲಿ ಟಿಫನ್ ಡಬ್ಬಿ ಇಟ್ಟು ಹೋದೆ. ನಿಮ್ಮವ್ವನಿಗೆ ತೋರಿಸಿದೆ. ಅವತ್ತು ಮಾತಾಡಿದಳು.

ಡಬ್ಬಿ ತೊಳೆದಿಟ್ಟಿದ್ದೇನೆ, ಮುಂದಿನ ವಾಯಿದೆಗೆ ತರುತ್ತೇನೆ.

ಅಪ್ಪ


ತಿ. ನರಸೀಪುರ
24 ಆಗಸ್ಟ್ 2003

ಅಪ್ಪನವರಿಗೆ ನಮಸ್ಕಾರ.

ಜೂನಿನಲ್ಲಿ ಬಂದ ಹೊಸ ಜಡ್ಜಮ್ಮನವರನ್ನು ನೀವೇ ನೋಡಿದಿರಲ್ಲ. ಹಳೇ ಕೇಸುಗಳನ್ನೆಲ್ಲ ಮೊದಲು ತೆಗೆಯುತ್ತಾರೆ, ಒಬ್ಬ ವಕೀಲರಿಗೆ ಒಂದೇ ಸಲ ಟೈಮು. ಎರಡನೇ ಸಲ ಕೇಳಿದರೆ ಕನ್ನಡಕ ತೆಗೆದು ನೋಡುತ್ತಾರೆ, ಅಷ್ಟೇ. ನೋಟೀಸು ಕೊಡಲು ಹೋದ ಅಮೀನರು ಅಕ್ಕಪಕ್ಕದ ಮನೆಯವರ ಸಹಿ ತರಬೇಕು, ಬೀಗ ಎಂದು ಬರೆದರೆ ಅದಕ್ಕೂ ಇಬ್ಬರು ಸಾಕ್ಷಿ. ಏಳು ವರ್ಷ ಎಳೆದದ್ದನ್ನು ಎರಡು ತಿಂಗಳಲ್ಲಿ ತೀರ್ಮಾನಕ್ಕೆ ತಂದಿದ್ದಾರೆ. ಖುಷಿಪಡಬೇಕು ಅಂದರೆ ಅಳು ಬರುತ್ತದೆ. ಇಷ್ಟೇ ಸಾಕಾಗಿತ್ತೇ ಅಪ್ಪ? ಎರಡು ತಿಂಗಳು?

ಶುಕ್ರವಾರ ಪವಿತ್ರಳನ್ನು ಒಬ್ಬಳನ್ನೇ ಒಳಗೆ ಕರೆದು ಮಾತಾಡಿಸಿದರು. ಅತ್ತೆ ಹಿಂದೆ ಹೋಗಲು ನೋಡಿದಳು, ಜವಾನ ಬಾಗಿಲು ಹಾಕಿದ. ಅರ್ಧ ಗಂಟೆ. "ಯಾರ ಹತ್ತಿರ ಇರ್ತೀಯ" ಎಂದು ಕೇಳಿದ್ದಕ್ಕೆ ಅವಳು "ಸ್ಕೂಲಿಗೆ ಕಳ್ಸೋರ ತಾವ" ಎಂದಳಂತೆ.

ಇನ್ನೊಂದು ವಿಷಯ. ಇದನ್ನು ಸಿದ್ದರಾಜು ಸರ್‌ಗೂ ಹೇಳಿಲ್ಲ. ಅವಳು ಹೊರಗೆ ಬಂದವಳು ನನ್ನ ಪಕ್ಕ ಹಾದು ಹೋದಳು. ಎತ್ತರ ಆಗಿದ್ದಾಳೆ, ಹದಿಮೂರು ತುಂಬಿತು. ನನ್ನ ಕಡೆ ನೋಡಲೇ ಇಲ್ಲ. ಮುಂದೆ ನೋಡಿಕೊಂಡೇ, ತುಟಿ ಆಡಿದ್ದೂ ಕಾಣದ ಹಾಗೆ ಕೇಳಿದಳು:

"ಯಾವ ಸೋಮವಾರ?"

ಅವಳು ಮರೆತಿಲ್ಲ ಅಪ್ಪ. ನಾಲ್ಕು ವರ್ಷ ಟೀಚರ್ ಎಂದು ಕರೆದದ್ದು ನನಗೆ ಪೆಟ್ಟಾಗಲಿ ಎಂದಲ್ಲ, ತನಗೆ ಪೆಟ್ಟು ಬೀಳದಿರಲಿ ಎಂದು.

ತೀರ್ಪು ಸೆಪ್ಟೆಂಬರ್ ಎಂಟಕ್ಕೆ. ಸೋಮವಾರ. ನೀವು ಬರಲೇಬೇಕು.

ಇಂದ್ರಾಣಿ


ತಿ. ನರಸೀಪುರ
9 ಸೆಪ್ಟೆಂಬರ್ 2003

ಅಪ್ಪನವರಿಗೆ,

ನಿನ್ನೆ ನೀವು ಬಸ್ಸು ಹತ್ತಿ ಹೋದ ಮೇಲೆ ರೂಮಿಗೆ ಬಂದು ಪವಿತ್ರಳಿಗೆ ಒಂದು ಹೊಸ ಟ್ರಂಕು, ಒಂದು ಜಮಖಾನ ತಂದಿಟ್ಟೆ. ಪಕ್ಕದ ಮನೆಯವರಿಗೆಲ್ಲ ಮೈಸೂರುಪಾಕು ಹಂಚಿದೆ. ಮಗುವನ್ನು ತಾಯಿಗೆ ಕೊಡಬೇಕು ಎಂದು ಜಡ್ಜಮ್ಮ ಓದಿದ್ದು ಇನ್ನೂ ಕಿವಿಯಲ್ಲಿದೆ.

ಆದರೆ ಬೆಳಗಿನಿಂದ ಮನಸ್ಸು ನಿಲ್ಲುತ್ತಿಲ್ಲ. ಅವರು "ಇವತ್ತೇ ಕರೆದುಕೊಂಡು ಹೋಗಬಹುದು" ಎಂದೇ ಹೇಳಿದರು. ನಟರಾಜನ ವಕೀಲರು ಎದ್ದು, ಮಗುವಿಗೆ ಅರ್ಧವಾರ್ಷಿಕ ಪರೀಕ್ಷೆ ಇದೆ, ಮುಗಿಸಿಕೊಂಡು ಇಪ್ಪತ್ತೊಂಬತ್ತನೇ ತಾರೀಖು ಸೋಮವಾರ ಕೋರ್ಟಿಗೇ ತಂದು ಒಪ್ಪಿಸುತ್ತೇವೆ ಎಂದರು. ಜಡ್ಜಮ್ಮ ನನ್ನನ್ನು ಕೇಳಿದರು. ನಾನು ತಿರುಗಿ ನಿಮ್ಮನ್ನು ನೋಡಿದೆ.

ನೀವು ಹೇಳಿದ್ದರಲ್ಲಿ ತಪ್ಪೇನಿಲ್ಲ. ಗುರುವಿಗೆ ಕಟ್ಟಿಬಿಟ್ಟಾರು ಎಂಬ ಭಯ ನನಗಿತ್ತು, ನಿಮಗೂ ಇತ್ತು. "ಗುರುವಾರದಿಂದ ಪಿತೃಪಕ್ಷ ಕಣವ್ವ, ಮಹಾಲಯ ಅಮಾವಾಸ್ಯೆ ಕಳೆಯುವ ತನಕ ಯಾರೂ ಒಂದು ಬಳೆ ಕೂಡ ತೊಡಿಸುವುದಿಲ್ಲ. ಅಮಾವಾಸ್ಯೆ ಕಳೆದ ಮೇಲಿನ ಸೋಮವಾರ ನಮ್ಮ ಮಗು ನಮ್ಮ ಕೈಯಲ್ಲಿ. ಪರೀಕ್ಷೆ ಬರೆಯಲಿ, ಸ್ಕೂಲು ಸ್ಕೂಲು ಅನ್ನುತ್ತದೆ ಪಾಪ" ಎಂದಿರಿ. ನನಗೂ ಸರಿ ಅನ್ನಿಸಿತು. ಏಳು ವರ್ಷದ ಮೇಲೆ ಮೂರು ವಾರ ಏನು ಮಹಾ ಎಂದು ನಾನೇ ತಲೆ ಆಡಿಸಿದೆ.

ಕೋರ್ಟಿನಿಂದ ಹೊರಗೆ ಬರುವಾಗ ನಟರಾಜ ನನಗೆ ಕೈಮುಗಿದರು. ಮದುವೆಯಾದ ಮೇಲೆ ಅವರು ನನಗೆ ಕೈಮುಗಿದದ್ದು ಅದೇ ಮೊದಲು.

ನೀವು ಹೇಳಿದ ಹಾಗೆ ಅಲ್ಲಿಯವರೆಗೆ ಸ್ಕೂಲಿನ ಹತ್ತಿರ ಹೋಗುವುದಿಲ್ಲ. ಅವ್ವನನ್ನು ಇಪ್ಪತ್ತೊಂಬತ್ತಕ್ಕೆ ಕರೆತನ್ನಿ, ಮಂಡಿನೋವಾದರೂ ಸರಿ.

ಇಂದ್ರಾಣಿ


ಮೂಗೂರು
29 ಸೆಪ್ಟೆಂಬರ್ 2003

ಇಂದ್ರಾಣಿ,

ನೀನು ಕೋರ್ಟಿನ ಬೆಂಚಿನ ಮೇಲೆ ಅವ್ವನ ಪಕ್ಕ ಕೂತು ಕಾಯುತ್ತಿದ್ದೀಯ. ನಾನು ಎದುರಿಗೆ ಬಂದು ಹೇಳಬೇಕಿತ್ತು. ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹನ್ನೊಂದಕ್ಕೆ ಬರಬೇಕಾದವರು ಹನ್ನೆರಡಾದರೂ ಬರಲಿಲ್ಲ ಎಂದು ಜಡ್ಜಮ್ಮ ಕೂಡಲೇ ಆರ್ಡರು ಕೊಟ್ಟು ಪುಟ್ಟಬಸವಯ್ಯನನ್ನು ಕಳಿಸಿದರಲ್ಲ, ನಾನೂ ಅವನ ಜೊತೆ ಬಂದೆನಲ್ಲ. ಮನೆ ಮುಂದೆ ಇಳಿದಾಗ ಅವನು ನನ್ನ ಕೈ ಹಿಡಿದುಕೊಂಡ. ಬಾಗಿಲಿಗೆ ಬೀಗ ಇತ್ತು. ಹೊಸ ಬೀಗ, ಕಂಪನಿಯ ಚೀಟಿ ಕೂಡ ಕಿತ್ತಿಲ್ಲ. ನಾನು ಜಗ್ಗಿ ನೋಡಿದೆ. ಇನ್ನೊಂದು ಸಲ ಜಗ್ಗಿದೆ. ಹಿತ್ತಲಿಗೆ ಹೋಗಿ ಕೂಗಿದೆ. ಕೊಟ್ಟಿಗೆಯಲ್ಲಿ ದನವಿಲ್ಲ, ತಂತಿಯ ಮೇಲೆ ಬಟ್ಟೆಯಿಲ್ಲ.

ಎದುರುಮನೆಯ ಮುದುಕಿ ಹೊರಗೆ ಬಂದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನಿನ್ನಿಂದ ಇನ್ನು ಏನನ್ನೂ ಮುಚ್ಚುವುದಿಲ್ಲ.

"ಅತ್ತೊಂಬತ್ತನೇ ತಾರೀಕು ಬಾಗ್ಲಾಕ್ಕಂಡು ಒಳಗೇ ತಾಳಿ ಕಟ್ಸುದ್ರು ಸಾಮಿ, ಆ ಗುರೂಗೆ. ವಾಲಗಿಲ್ಲ, ಚಪ್ರಿಲ್ಲ. ಪಕ್ಷದಲ್ಲಿ ಯಾರಾರ ಲಗ್ನ ಮಾಡ್ತಾರಾ? ಸತ್ತೋರ್ಗೆ ಎಡೆ ಇಕ್ಕೋ ದಿನದಲ್ಲಿ? ಯಾರೂ ಅನುಮಾನ ಪಡಾಕಿಲ್ಲ ಅಂತ್ಲೇ ಮಾಡುದ್ರು. ನಂಗೆ ಗೊತ್ತಾಗಿದ್ದೇ ಮಗೀನ ಕತ್ನಲ್ಲಿ ಅರಿಸಿನದ ದಾರ ಕಂಡಾಗ."

ಪರೀಕ್ಷೆಗೆ ಒಂದು ದಿನವೂ ಕಳಿಸಿಲ್ಲ. ನಿನ್ನೆ ಬೆಳಿಗ್ಗೆ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಹೋದರಂತೆ. ಕೊಡಗಿನ ಕಡೆ, ಯಾವುದೋ ಕಾಫಿ ತೋಟದ ಕೂಲಿಯವರ ಲೈನ್ ಮನೆಗೆ. ಇಷ್ಟೇ ಗೊತ್ತು.

ಪಕ್ಷ ಲೆಕ್ಕ ಹಾಕಿ ನಿನಗೆ ತಲೆ ಆಡಿಸು ಎಂದವನು ನಾನು. ಆ ಹದಿನೈದು ದಿನ ಎಲ್ಲ ಬಾಗಿಲೂ ತಾನೇ ಮುಚ್ಚಿರುತ್ತದೆ ಎಂದುಕೊಂಡೆ. ಅವರೂ ಅದೇ ಪಂಚಾಂಗ ನೋಡಿದ್ದಾರೆ ಮಗಳೇ. ನನ್ನ ಹಾಗೆ ಯೋಚಿಸುವವರು ಇರುತ್ತಾರೆ ಎಂದು ಅವರಿಗೆ ಗೊತ್ತಿತ್ತು.

ಪುಟ್ಟಬಸವಯ್ಯ ಕೋರ್ಟಿನ ಕಾಗದವನ್ನು ಮಂಡಿಯ ಮೇಲೆ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದ. "ಏನ್ ಬರೀಲಿ ಗುರುಗಳೇ?" ಎಂದ. ನಾನೇ ಹೇಳಿದೆ: ಮನೆಗೆ ಬೀಗ ಹಾಕಿದೆ, ಪಾರ್ಟಿ ಊರಲ್ಲಿಲ್ಲ. ಮುದುಕಿ ಹೆಬ್ಬೆಟ್ಟು ಒತ್ತಿದಳು. ಎರಡನೇ ಸಾಕ್ಷಿಗೆ ನಾನು ಸಹಿ ಹಾಕಿದೆ.

ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕು, ಓದುವ ತನಕ ಅಲ್ಲೇ ನಿಂತಿರಬೇಕು ಎಂದಿದ್ದೇನೆ. ಪೊಲೀಸಿಗೆ ದೂರು ಕೊಡು, ಜಡ್ಜಮ್ಮನ ಮುಂದೆ ಇವತ್ತೇ ನಿಲ್ಲು, ನಾಳೆ ಎಂದರೆ ಒಪ್ಪಬೇಡ, ಯಾರು ಹೇಳಿದರೂ ಒಪ್ಪಬೇಡ. ನಾನು ಆರ್ಡರಿನ ಒಂದು ನಕಲು ಇಟ್ಟುಕೊಂಡು ಇಲ್ಲಿಂದಲೇ ಕೊಡಗಿನ ಬಸ್ಸು ಹಿಡಿಯುತ್ತೇನೆ. ತೋಟ ತೋಟವೂ ತಿರುಗುತ್ತೇನೆ. ಊರೂರು ತಿರುಗಿ ಮನೆ ಹುಡುಕುವುದೊಂದು ನನಗೆ ಬರುತ್ತದೆ. ಅವ್ವನನ್ನು ನೋಡಿಕೊ.

ಒಂದು ಮಾತು ಉಳಿದಿದೆ. ವ್ಯಾನು ಹತ್ತುವ ಮುಂಚೆ ಪವಿತ್ರ ಎದುರುಮನೆಗೆ ಓಡಿಬಂದು ಮುದುಕಿಯನ್ನು ಕೇಳಿದಳಂತೆ.

"ಅಜ್ಜಿ, ಇವತ್ತು ಯಾವ ವಾರ?"

"ಭಾನುವಾರ ಕಣವ್ವ."

"ಅಂಗಾರೆ ನಾಳೆಗಂಟ ಇಲ್ಲೇ ಇದ್ಬುಟ್ಟು ಬತ್ತೀನಿ ಅಂತ ಅವ್ರಿಗೆ ಯೋಳಜ್ಜಿ."

ಮುದುಕಿ ಹೇಳಿದಳಂತೆ. ಅವರು ಕೇಳಲಿಲ್ಲ.

ಅಪ್ಪ